ಬೆನ್ನುಮೂಳೆ ಡೊಂಕಿರುವ ಮಕ್ಕಳಲ್ಲಿ ನರಸಂಬಂಧಿ ಅಪಾಯಸೂಚನೆಗಳು: ದಾವಣಗೆರೆ ನಗರ ಹಾಗೂ ಹರಿಹರದ ಪೋಷಕರ ಗಮನಕ್ಕೆ

ಮಗುವಿನ ಬೆನ್ನು ಡೊಂಕಾಗಿದೆ ಎಂಬ ಕಾರಣದಿಂದ ಸರ್ಕಾರಿ ಆಸ್ಪತ್ರೆಗೆ ಬರುವ ಪೋಷಕರ ಹಾಗೂ ಚಿಕಿತ್ಸಾ ನೆರವು, ವಿಕಲಚೇತನರ ಗುರುತಿನ ಚೀಟಿ ಮುಂತಾದ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವ ಪೋಷಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಬೆನ್ನಿನ ಡೊಂಕು ಕಣ್ಣಿಗೆ ಕಾಣುತ್ತದೆ. ಆದ್ದರಿಂದ ಎಲ್ಲರ ಗಮನವೂ ಅದರ ಮೇಲೆಯೇ ಇರುತ್ತದೆ. ಆದರೆ ಕೆಲವು ಮಕ್ಕಳಲ್ಲಿ ಡೊಂಕು ಕೇವಲ ಹೊರಗಿನ ಕುರುಹು. ಅದರ ಒಳಗೆ ಬೆನ್ನುಹುರಿಗೆ ತೊಂದರೆಯಾಗಿರುತ್ತದೆ. ಮೂಳೆಯ ವಕ್ರತೆಯನ್ನು ತಿಂಗಳುಗಟ್ಟಲೆ ಕಾದು ನೋಡಿದರೂ ಬಹುಪಾಲು ಸಂದರ್ಭಗಳಲ್ಲಿ ಹಾನಿಯಿಲ್ಲ. ಬೆನ್ನುಹುರಿಯ ವಿಷಯದಲ್ಲಿ ಹಾಗೆ ಕಾಯಲಾಗದು. ಕಳೆದುಹೋದ ಕಾಲಿನ ಬಲ ಅಥವಾ ಮೂತ್ರದ ಹಿಡಿತ ತಡವಾಗಿ ಮಾಡಿದ ಶಸ್ತ್ರಚಿಕಿತ್ಸೆಯಿಂದ ಪೂರ್ಣವಾಗಿ ಮರಳುವ ಭರವಸೆ ಇರುವುದಿಲ್ಲ.

ಬೆನ್ನಿನ ಡೊಂಕು ಎಂದರೇನು

ಹಿಂದಿನಿಂದ ನೋಡಿದಾಗ ಬೆನ್ನುಮೂಳೆಯು ನೇರ ಗೆರೆಯಂತಿರಬೇಕು. ಅದು ಎಡಕ್ಕೋ ಬಲಕ್ಕೋ ಬಾಗಿ ತಿರುಚಿಕೊಂಡರೆ ವೈದ್ಯರು ಸ್ಕೋಲಿಯೋಸಿಸ್ ಎನ್ನುತ್ತಾರೆ. ಬೆನ್ನು ಹಿಂದಕ್ಕೆ ಉಬ್ಬಿ ಗೂನಾದರೆ ಅದು ಕೈಫೋಸಿಸ್. ಬಾಗಿರುವ ಪ್ರಮಾಣವನ್ನು ಕ್ಷ-ಕಿರಣ ಚಿತ್ರದ ಮೇಲೆ ಕೋನದ ಲೆಕ್ಕದಲ್ಲಿ ಅಳೆಯಲಾಗುತ್ತದೆ. ಅಮೆರಿಕದ ವೈದ್ಯ ಜಾನ್ ಕಾಬ್ 1948ರಲ್ಲಿ ವಿವರಿಸಿದ ಕಾರಣ ಇದಕ್ಕೆ ಕಾಬ್ ಕೋನವೆಂದು ಹೆಸರು. 10 ಡಿಗ್ರಿಗಿಂತ ಹೆಚ್ಚಿದ್ದರೆ ಮಾತ್ರ ಸ್ಕೋಲಿಯೋಸಿಸ್ ಎಂದು ಪರಿಗಣಿಸಲಾಗುವುದು. ಹದಿಹರೆಯದ ಮಕ್ಕಳಲ್ಲಿ ನೂರಕ್ಕೆ ಎರಡು ಮೂರು ಮಂದಿಯಲ್ಲಿ ಇಷ್ಟು ಡೊಂಕು ಕಂಡುಬರುತ್ತದೆ.

ಇವರಲ್ಲಿ ಬಹುತೇಕರದು ಕಾರಣ ತಿಳಿಯದ, ನರಗಳಿಗೆ ಯಾವ ಸಂಬಂಧವೂ ಇಲ್ಲದ ಡೊಂಕು. ಸಾಮಾನ್ಯವಾಗಿ 10 ವರ್ಷ ದಾಟಿದ ಹೆಣ್ಣುಮಕ್ಕಳಲ್ಲಿ, ಎದೆಯ ಭಾಗದ ಬೆನ್ನು ಬಲಕ್ಕೆ ಬಾಗಿ, ನೋವಿಲ್ಲದೆ, ನಿಧಾನವಾಗಿ ಕಾಣಿಸಿಕೊಳ್ಳುವುದು ಇದರ ರೂಢಿಯ ಚಿತ್ರ. ಮಗು ಓಡುತ್ತದೆ, ಆಡುತ್ತದೆ, ಕೈಕಾಲುಗಳಲ್ಲಿ ಏನೂ ಊನವಿರುವುದಿಲ್ಲ. ಇಂತಹ ಮಗುವಿನ ಪೋಷಕರು ಭಯಪಡಬೇಕಾಗಿಲ್ಲ. ಬೆಳವಣಿಗೆ ಮುಗಿಯುವವರೆಗೆ ನಾಲ್ಕರಿಂದ ಆರು ತಿಂಗಳಿಗೊಮ್ಮೆ ತಪಾಸಣೆಗೆ ಬಂದರೆ ಸಾಕು. ಬೆಳೆಯುತ್ತಿರುವ ಮಗುವಿನಲ್ಲಿ ಕೋನ 25 ಡಿಗ್ರಿ ದಾಟಿದಾಗ ಬೆನ್ನುಪಟ್ಟಿಯ ಸಲಹೆ ನೀಡಲಾಗುವುದು. 45 ರಿಂದ 50 ಡಿಗ್ರಿ ದಾಟಿದಾಗ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ.

ಶಾಲಾ ಚೀಲದ ಭಾರದಿಂದ ಬೆನ್ನು ಡೊಂಕಾಯಿತೆಂದು ಅನೇಕ ಪೋಷಕರು ಹೇಳುವುದುಂಟು. ಭಾರದ ಚೀಲದಿಂದ ಬೆನ್ನುನೋವು ಬರಬಹುದು. ಶಿಕ್ಷಣ ಇಲಾಖೆಯು 2019ರಲ್ಲಿ ತರಗತಿವಾರು ಚೀಲದ ತೂಕವನ್ನು ನಿಗದಿಪಡಿಸಿ ಸುತ್ತೋಲೆ ಹೊರಡಿಸಿರುವುದೂ ನಿಜ. ಆದರೆ ಸ್ಕೋಲಿಯೋಸಿಸ್ ಚೀಲದಿಂದ ಬರುವುದಿಲ್ಲ, ಕುಳಿತುಕೊಳ್ಳುವ ಭಂಗಿಯಿಂದಲೂ ಬರುವುದಿಲ್ಲ. ಚೀಲವನ್ನು ದೂರುತ್ತಾ ಕುಳಿತರೆ ನಿಜವಾದ ಕಾರಣವನ್ನು ಹುಡುಕುವ ಕಾಲ ಕಳೆದುಹೋಗುತ್ತದೆ.

ಮನೆಯಲ್ಲಿ ನೋಡುವ ವಿಧಾನ

ಮಗುವಿಗೆ ಎಣ್ಣೆಸ್ನಾನ ಮಾಡಿಸುವಾಗ ತಾಯಂದಿರು ಬೆನ್ನನ್ನು ಗಮನಿಸುವುದು ಅತ್ಯಂತ ಸುಲಭದ ಉಪಾಯ. ಎಂಟು ಹತ್ತು ವರ್ಷ ದಾಟಿದ ಮಕ್ಕಳು ತಾವೇ ಸ್ನಾನ ಮಾಡುವುದರಿಂದ ಮನೆಯವರು ಅವರ ಬೆನ್ನನ್ನು ನೋಡುವುದೇ ಇಲ್ಲ. ಡೊಂಕು ವೇಗವಾಗಿ ಹೆಚ್ಚುವುದೂ ಈ ವಯಸ್ಸಿನಲ್ಲಿಯೇ. ಮಗುವನ್ನು ಬರಿಗಾಲಿನಲ್ಲಿ, ಬೆನ್ನು ಕಾಣುವಂತೆ ನಿಲ್ಲಿಸಿ, ಎರಡೂ ಅಂಗೈ ಜೋಡಿಸಿ, ಮೊಣಕಾಲು ಮಡಿಸದೆ ಮುಂದಕ್ಕೆ ಬಾಗಲು ಹೇಳಬೇಕು. ಹಿಂದಿನಿಂದ ನೋಡಿದಾಗ ಬೆನ್ನಿನ ಒಂದು ಪಾರ್ಶ್ವ ಇನ್ನೊಂದಕ್ಕಿಂತ ಎತ್ತರವಾಗಿ ಉಬ್ಬಿದ್ದರೆ ವೈದ್ಯರಲ್ಲಿ ತೋರಿಸತಕ್ಕದ್ದು. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಆಡಮ್ಸ್ 1865ರಲ್ಲಿ ತಿಳಿಸಿದ ಈ ಪರೀಕ್ಷೆಗೆ ಇಂದಿಗೂ ಯಾವ ಉಪಕರಣವೂ ಬೇಕಿಲ್ಲ. ಒಂದು ಭುಜ ಕೆಳಗಿರುವುದು, ಸಮವಸ್ತ್ರದ ಅಂಚು ಒಂದು ಕಡೆ ಏರಿರುವುದು, ಸೊಂಟದ ಒಂದು ಬದಿ ಹೆಚ್ಚು ಒಳಗೆ ಸರಿದಿರುವುದು ಇವೂ ಸೂಚನೆಗಳೇ.

ಮಗು ಮುಂದಕ್ಕೆ ಬಾಗುವಾಗ ನೋವಿನಿಂದ ಅರ್ಧಕ್ಕೆ ನಿಲ್ಲಿಸಿದರೆ, ಬೆನ್ನನ್ನು ಮರದ ಹಲಗೆಯಂತೆ ಬಿಗಿಹಿಡಿದರೆ, ಅಥವಾ ನೆಲದ ಮೇಲಿನ ವಸ್ತುವನ್ನು ಎತ್ತಿಕೊಳ್ಳಲು ಬಾಗುವ ಬದಲು ಕುಕ್ಕರಗಾಲಿನಲ್ಲಿ ಕುಳಿತರೆ ಅದು ಸಾಮಾನ್ಯ ಡೊಂಕಲ್ಲ. ಅಂತಹ ಮಗುವನ್ನು ಅದೇ ವಾರ ವೈದ್ಯರಿಗೆ ತೋರಿಸಬೇಕು.

ನರಸಂಬಂಧಿ ಅಪಾಯಸೂಚನೆಗಳು

ಈ ಕೆಳಗಿನ ಲಕ್ಷಣಗಳಲ್ಲಿ ಒಂದಾದರೂ ಇದ್ದಲ್ಲಿ ಡೊಂಕಿನ ಪ್ರಮಾಣ ಎಷ್ಟೇ ಕಡಿಮೆಯಿದ್ದರೂ ಮಗುವಿಗೆ ನರಗಳ ಪರೀಕ್ಷೆ ಅಗತ್ಯ. ಇವುಗಳನ್ನು ವೈದ್ಯರು ಕೇಳುವವರೆಗೆ ಕಾಯದೆ ಪೋಷಕರೇ ಮುಂದಾಗಿ ತಿಳಿಸಬೇಕು. ಬೆನ್ನು ತೋರಿಸಲು ಬಂದವರು ಮಗು ರಾತ್ರಿ ಹಾಸಿಗೆ ಒದ್ದೆ ಮಾಡುವ ವಿಷಯವನ್ನು ಸಂಕೋಚದಿಂದ ಹೇಳದೆ ಹೋಗುವುದು ಸಾಮಾನ್ಯ.

ನಡಿಗೆ ಮತ್ತು ಕಾಲುಗಳು. ಮೊದಲು ಚೆನ್ನಾಗಿ ಓಡುತ್ತಿದ್ದ ಮಗು ಪದೇ ಪದೇ ಎಡವಿ ಬೀಳುವುದು, ಮೆಟ್ಟಿಲು ಹತ್ತಲು ಕೈಯಾಸರೆ ಹುಡುಕುವುದು, ಕಾಲು ಬಿಗಿದುಕೊಂಡು ತುದಿಗಾಲಿನಲ್ಲಿ ನಡೆಯುವುದು. ಒಂದು ಕಾಲಿನ ಚಪ್ಪಲಿ ಮಾತ್ರ ಜಾರಿಹೋಗುತ್ತಿದ್ದು ಅದು ಮಗುವಿನ ಅರಿವಿಗೇ ಬಾರದಿರುವುದು ಹಾಗೂ ಒಂದು ಚಪ್ಪಲಿ ಮಾತ್ರ ಬೇಗ ಸವೆಯುವುದು ಬಹಳ ಉಪಯುಕ್ತವಾದ ಸುಳಿವುಗಳು; ಆಸ್ಪತ್ರೆಗೆ ಬರುವಾಗ ಮಗು ನಿತ್ಯ ಧರಿಸುವ ಹಳೆಯ ಚಪ್ಪಲಿಯನ್ನೇ ಹಾಕಿಸಿಕೊಂಡು ಬರುವುದು ಒಳ್ಳೆಯದು. ಒಂದು ಪಾದ ಇನ್ನೊಂದಕ್ಕಿಂತ ಚಿಕ್ಕದಾಗಿರುವುದು, ಪಾದದ ಕಮಾನು ವಿಪರೀತ ಎತ್ತರವಾಗುತ್ತಾ ಬೆರಳುಗಳು ಮಡಿಸಿಕೊಳ್ಳುವುದು, ಒಂದು ಮೀನಖಂಡ ಸಣಕಲಾಗುವುದು ಇವು ಬೆನ್ನುಹುರಿಯ ಕೆಳತುದಿ ಎಳೆದುಕೊಂಡಿರುವುದರ ಗುರುತಾಗಿರಬಹುದು. ಮೂರರಿಂದ ಆರು ವರ್ಷದ ಗಂಡುಮಗು ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆ ಕೈಯೂರಿ ಏರಿದಂತೆ ಎದ್ದರೆ ಸ್ನಾಯುಕ್ಷಯದ ಪರೀಕ್ಷೆ ಮಾಡಿಸಬೇಕು.

ಕೈಗಳು. ಬರವಣಿಗೆ ಕೆಡುವುದು, ಗುಂಡಿ ಹಾಕಿಕೊಳ್ಳಲು ಆಗದಿರುವುದು, ಅಂಗೈಯ ಮಾಂಸಖಂಡ ಕರಗುವುದು. ಬೆನ್ನುಹುರಿಯ ಒಳಗೆ ನೀರು ತುಂಬಿಕೊಳ್ಳುವ ಸಿರಿಂಗೋಮೈಲಿಯಾ ಎಂಬ ಕಾಯಿಲೆಯಲ್ಲಿ ಮುಟ್ಟಿದ್ದು ತಿಳಿಯುತ್ತದೆ, ಆದರೆ ನೋವು ಮತ್ತು ಬಿಸಿ ತಣ್ಣನೆಯ ಅರಿವು ಹೋಗಿರುತ್ತದೆ. ದೋಸೆಯ ಕಾವಲಿ ಮುಟ್ಟಿ ಬೊಬ್ಬೆ ಎದ್ದರೂ ಮಗು ಅಳದಿದ್ದರೆ, ಬೆರಳುಗಳಲ್ಲಿ ಹೇಗಾಯಿತೆಂದು ಹೇಳಲಾಗದ ಸುಟ್ಟ ಗಾಯಗಳಿದ್ದರೆ, ಮಗು ಗಟ್ಟಿ ಎಂದು ಮೆಚ್ಚಬಾರದು, ವೈದ್ಯರಿಗೆ ತೋರಿಸಬೇಕು. ಈ ಕಾಯಿಲೆ ಇರುವ ಮಕ್ಕಳಲ್ಲಿ ಬೆನ್ನಿನ ಡೊಂಕೇ ಮೊಟ್ಟಮೊದಲ ಲಕ್ಷಣವಾಗಿರುವುದು ಹೆಚ್ಚು.

ಮೂತ್ರ ಮತ್ತು ಮಲ. ಒಮ್ಮೆ ಪೂರ್ಣ ಹಿಡಿತ ಬಂದಿದ್ದ ಮಗು ಪುನಃ ಬಟ್ಟೆ ಒದ್ದೆ ಮಾಡತೊಡಗುವುದು, ಹಗಲಿನಲ್ಲಿಯೂ ಹನಿಹನಿಯಾಗಿ ಸೋರುವುದು, ಮೂತ್ರ ಕಟ್ಟಿಕೊಳ್ಳುವುದು, ಪದೇ ಪದೇ ಮೂತ್ರದ ಸೋಂಕು, ಕಾರಣವಿಲ್ಲದ ತೀವ್ರ ಮಲಬದ್ಧತೆ ಅಥವಾ ಅರಿವಿಲ್ಲದೆ ಮಲ ಹೋಗುವುದು. ಐದು ವರ್ಷದೊಳಗಿನ ಮಗು ರಾತ್ರಿ ಹಾಸಿಗೆ ಒದ್ದೆ ಮಾಡುವುದು ಸಹಜ. ನಿಂತುಹೋಗಿದ್ದು ಮರಳಿ ಬಂದರೆ ಅದು ಬೇರೆ ವಿಷಯ. ಇಂತಹ ಮಗುವನ್ನು ಗದರಿಸುವುದರಿಂದ, ಶಾಲೆಯಲ್ಲಿ ನಾಚಿಕೆಪಡಿಸುವುದರಿಂದ ಅದು ತನ್ನ ತೊಂದರೆಯನ್ನು ಮುಚ್ಚಿಡತೊಡಗುತ್ತದೆ. ಶಿಕ್ಷಕರೂ ಇದನ್ನು ಗಮನದಲ್ಲಿಡಬೇಕೆಂದು ಕೋರಲಾಗಿದೆ.

ನೋವು ಮತ್ತು ತಲೆನೋವು. ಸಾಮಾನ್ಯ ಡೊಂಕಿನಲ್ಲಿ ಆಯಾಸವಾದಾಗ ಅಷ್ಟಿಷ್ಟು ನೋವಿರಬಹುದು, ವಿಶ್ರಾಂತಿಯಿಂದ ಹೋಗುತ್ತದೆ. ರಾತ್ರಿ ನಿದ್ರೆಯಿಂದ ಎಬ್ಬಿಸುವ ನೋವು, ದಿನದಿಂದ ದಿನಕ್ಕೆ ಏರುವ ನೋವು, ಪಕ್ಕೆಯನ್ನು ಸುತ್ತಿಕೊಂಡು ಮುಂದಕ್ಕೆ ಬರುವ ನೋವು ಇದ್ದರೆ ಗಡ್ಡೆ ಅಥವಾ ಸೋಂಕನ್ನು ಶಂಕಿಸಬೇಕು. ಕೆಮ್ಮಿದಾಗ, ನಕ್ಕಾಗ, ಮುಕ್ಕಿದಾಗ ತಲೆಯ ಹಿಂಭಾಗದಲ್ಲಿ ಸಿಡಿಯುವ ನೋವು, ಅದರೊಡನೆ ನುಂಗಲು ತೊಂದರೆ ಅಥವಾ ನಿದ್ರೆಯಲ್ಲಿ ಉಸಿರು ನಿಂತುನಿಂತು ಬರುವುದು ಇದ್ದರೆ ಚಿಕ್ಕಮಿದುಳಿನ ಕೆಳಭಾಗ ಕತ್ತಿನೊಳಕ್ಕೆ ಜಾರಿರುವ ಕಿಯಾರಿ ಎಂಬ ಸ್ಥಿತಿಯನ್ನು ಪರೀಕ್ಷಿಸಲಾಗುವುದು.

ಚರ್ಮದ ಗುರುತುಗಳು. ಬೆನ್ನಿನ ನಡುಗೆರೆಯ ಮೇಲೆ ಕೂದಲಿನ ಗುಚ್ಛ, ಆಳವಾದ ಕುಳಿ, ಮೆದುವಾದ ಕೊಬ್ಬಿನ ಉಬ್ಬು, ಕೆಂಪು ಮಚ್ಚೆ ಇವು ಹುಟ್ಟುವಾಗಲೇ ಬೆನ್ನುಹುರಿಯ ರಚನೆಯಲ್ಲಿ ದೋಷವಿರಬಹುದೆಂಬುದರ ಕುರುಹು. ಅದೃಷ್ಟದ ಗುರುತೆಂದು ತಿಳಿದು ಸುಮ್ಮನಿರುವ ಮನೆಗಳಿವೆ. ಕಾಫಿಬಣ್ಣದ ಚಪ್ಪಟೆ ಮಚ್ಚೆಗಳು ಆರು ಅಥವಾ ಹೆಚ್ಚು ಇದ್ದು ಪ್ರತಿಯೊಂದೂ ಅರ್ಧ ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ನರಗಂತಿಗಳ ಕಾಯಿಲೆಯ ಪರೀಕ್ಷೆ ಅಗತ್ಯ. ದೊಡ್ಡ ಮಕ್ಕಳಲ್ಲಿ ಈ ಅಳತೆ ಒಂದೂವರೆ ಸೆಂಟಿಮೀಟರ್.

ಡೊಂಕಿನ ಸ್ವರೂಪವೇ ಸಂಶಯಾಸ್ಪದವಾಗಿರುವ ಸಂದರ್ಭಗಳೂ ಇವೆ. 10 ವರ್ಷಕ್ಕಿಂತ ಮೊದಲು ಕಾಣಿಸಿಕೊಂಡ ಡೊಂಕು, ಎದೆಯ ಭಾಗದಲ್ಲಿ ಎಡಕ್ಕೆ ಬಾಗಿರುವ ಡೊಂಕು, ತಿಂಗಳಿಗೆ ಒಂದು ಡಿಗ್ರಿಗಿಂತ ಹೆಚ್ಚು ಏರುತ್ತಿರುವ ಡೊಂಕು ಇವುಗಳಲ್ಲಿ ಬೇರೆ ಲಕ್ಷಣವಿಲ್ಲದಿದ್ದರೂ ಎಂ.ಆರ್.ಐ. ಮಾಡಿಸುವುದು ವಾಡಿಕೆ. 10 ವರ್ಷದೊಳಗೆ ಆರಂಭವಾದ, ಮೇಲ್ನೋಟಕ್ಕೆ ಕಾರಣವಿಲ್ಲದ ಡೊಂಕಿನಲ್ಲಿ ಸುಮಾರು ಐದರಲ್ಲಿ ಒಂದು ಮಗುವಿಗೆ ಬೆನ್ನುಹುರಿಯ ಅಥವಾ ಮಿದುಳಿನ ಬುಡದ ದೋಷ ಕಂಡುಬಂದಿರುವುದು ಹಲವು ಅಧ್ಯಯನಗಳಿಂದ ತಿಳಿದಿದೆ. ಗಂಡುಮಕ್ಕಳಲ್ಲಿ ಡೊಂಕು ದೊಡ್ಡದಿದ್ದಾಗಲೂ ಇದೇ ಎಚ್ಚರ ಬೇಕು.

ಕೂಡಲೇ, ಅದೇ ದಿನ ಆಸ್ಪತ್ರೆಗೆ ಬರಬೇಕಾದ ಸಂದರ್ಭಗಳು

ಗಂಟೆಗಳ ಅಥವಾ ದಿನಗಳ ಅವಧಿಯಲ್ಲಿ ಕಾಲುಗಳ ಬಲ ಕುಂದುವುದು, ಮೂತ್ರ ಪೂರ್ಣವಾಗಿ ಕಟ್ಟಿಕೊಳ್ಳುವುದು, ಕುಳಿತುಕೊಳ್ಳುವ ಭಾಗದಲ್ಲಿ ಸ್ಪರ್ಶಜ್ಞಾನ ಹೋಗುವುದು, ಜ್ವರದೊಡನೆ ತೀವ್ರ ಬೆನ್ನುನೋವು, ಮೊದಲೇ ಡೊಂಕಿರುವ ಮಗು ಬಿದ್ದನಂತರ ಕೈಕಾಲು ಮರಗಟ್ಟುವುದು. ಇವು ತುರ್ತು ಸ್ಥಿತಿಗಳು. ಹೊರರೋಗಿ ವಿಭಾಗದ ಚೀಟಿಗಾಗಿ ಮರುದಿನ ಬೆಳಿಗ್ಗೆಯವರೆಗೆ ಕಾಯತಕ್ಕದ್ದಲ್ಲ. 108 ಸಂಖ್ಯೆಗೆ ಕರೆಮಾಡಿ ತುರ್ತು ಚಿಕಿತ್ಸಾ ವಿಭಾಗಕ್ಕೆ ನೇರವಾಗಿ ಬರಬೇಕು. ಬಿದ್ದ ಮಗುವನ್ನು ಇಬ್ಬರು ಮೂವರು ಸೇರಿ ಒಂದೇ ಸಮನಾಗಿ, ಬೆನ್ನು ಮಡಿಸದೆ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ಆಟೋದಲ್ಲಿ ಕುಳ್ಳಿರಿಸಿಕೊಂಡು ಬರಬಾರದು.

ಗೂನು ಮತ್ತು ಕ್ಷಯರೋಗ

ನಮ್ಮ ಭಾಗದ ಪೋಷಕರು ವಿಶೇಷವಾಗಿ ತಿಳಿದಿರಬೇಕಾದ ವಿಷಯವಿದು. ಕ್ಷಯರೋಗ ಶ್ವಾಸಕೋಶಕ್ಕೆ ಮಾತ್ರ ಬರುವುದೆಂಬ ತಿಳಿವಳಿಕೆ ವ್ಯಾಪಕವಾಗಿದೆ. ಮೂಳೆಗೆ ತಗಲುವ ಕ್ಷಯದಲ್ಲಿ ಬೆನ್ನುಮೂಳೆಯ ಪಾಲೇ ದೊಡ್ಡದು. ಮಗುವಿಗೆ ಕೆಮ್ಮು ಇರದಿರಬಹುದು. ಸಂಜೆಯ ಸಣ್ಣ ಜ್ವರ, ತೂಕ ಇಳಿಯುವುದು, ಆಟದಲ್ಲಿ ನಿರಾಸಕ್ತಿ, ರಾತ್ರಿ ನಿದ್ರೆಯಲ್ಲಿ ಬೆನ್ನು ಹೊರಳಿದಾಗ ಚೀರಿ ಅಳುವುದು, ಬೆನ್ನಿನ ನಡುವೆ ಒಂದು ಮೂಳೆ ಮಾತ್ರ ಮೊನಚಾಗಿ ಹೊರಚಾಚುವುದು ಇದರ ಲಕ್ಷಣಗಳು. ಕೀವು ಮತ್ತು ಕುಸಿದ ಮೂಳೆ ಬೆನ್ನುಹುರಿಯನ್ನು ಒತ್ತಿದಾಗ ಎರಡೂ ಕಾಲುಗಳು ಬಿಗಿದುಕೊಂಡು ಸೋಲುತ್ತವೆ. ಇಂಗ್ಲೆಂಡಿನ ಪರ್ಸಿವಲ್ ಪಾಟ್ 1779ರಲ್ಲಿಯೇ ಗೂನಿನೊಡನೆ ಕಾಲು ಸೋಲುವ ಈ ರೋಗವನ್ನು ವರ್ಣಿಸಿದ್ದರಿಂದ ಇದನ್ನು ಪಾಟ್ ರೋಗ ಎಂದು ಕರೆಯುವರು.

ರೋಗ ಬೇಗ ಪತ್ತೆಯಾದರೆ ಔಷಧಿಯಿಂದಲೇ ಅನೇಕ ಮಕ್ಕಳ ಕಾಲಿನ ಬಲ ಮರಳುತ್ತದೆ. ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧಿಯೂ ಉಚಿತ. ಶ್ವಾಸಕೋಶದ ಕ್ಷಯಕ್ಕೆ ಆರು ತಿಂಗಳು ಸಾಕಾದರೆ ಬೆನ್ನುಮೂಳೆಯ ಕ್ಷಯಕ್ಕೆ 12 ತಿಂಗಳು ಅಥವಾ ಹೆಚ್ಚು ಬೇಕಾಗುತ್ತದೆ. ಎರಡು ಮೂರು ತಿಂಗಳಲ್ಲಿ ನೋವು ಹೋಯಿತೆಂದು ಮಾತ್ರೆ ನಿಲ್ಲಿಸುವುದು ಅಪಾಯಕಾರಿ. ನಿಕ್ಷಯ್ ಪೋಷಣೆ ಯೋಜನೆಯಡಿ ಪೌಷ್ಟಿಕ ಆಹಾರಕ್ಕಾಗಿ ನೀಡುವ ಮಾಸಿಕ ಸಹಾಯಧನವನ್ನು 2018ರಲ್ಲಿ 500 ರೂಪಾಯಿಯಂತೆ ಆರಂಭಿಸಿ 2024ರ ನವೆಂಬರ್‌ನಿಂದ 1000 ರೂಪಾಯಿಗೆ ಏರಿಸಲಾಗಿದೆ. ಇದು ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುವುದರಿಂದ ಚಿಕಿತ್ಸೆ ಆರಂಭವಾದ ದಿನವೇ ಖಾತೆಯ ವಿವರ ಒದಗಿಸಬೇಕು.

ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತಿದೆ. ಕ್ಷಯ ವಾಸಿಯಾದ ಮೇಲೂ ಗೂನು ಬೆಳೆಯಬಹುದು. ಕೊಯಮತ್ತೂರಿನ ಬೆನ್ನುಮೂಳೆ ತಜ್ಞ ಡಾ. ಎಸ್. ರಾಜಶೇಖರನ್ ಅವರು 61 ಮಕ್ಕಳನ್ನು 15 ವರ್ಷ ಅನುಸರಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 39ರಷ್ಟು ಮಕ್ಕಳಲ್ಲಿ ಬೆಳವಣಿಗೆಯೊಡನೆ ಗೂನು ಹೆಚ್ಚಿತು. ಶೇಕಡಾ 44ರಷ್ಟು ಮಕ್ಕಳಲ್ಲಿ ತಾನಾಗಿಯೇ ಕಡಿಮೆಯಾಯಿತು. ತೀವ್ರವಾಗಿ ಬೆಳೆದ ಗೂನಿನಲ್ಲಿ ವರ್ಷಗಳ ನಂತರ ಕಾಲು ಸೋಲುವ ಸಂಭವವಿದೆ. ಆದ್ದರಿಂದ ಮಾತ್ರೆ ಮುಗಿದ ಮೇಲೂ ಮಗುವಿನ ಬೆಳವಣಿಗೆ ಪೂರ್ಣವಾಗುವವರೆಗೆ ವರ್ಷಕ್ಕೊಮ್ಮೆ ತೋರಿಸತಕ್ಕದ್ದು.

ಬೆನ್ನನ್ನು ಎಳೆಯುವುದು, ತುಳಿಯುವುದು, ಒತ್ತಿ ಲಟಕಿ ತೆಗೆಯುವುದು, ಬಿಗಿಯಾಗಿ ಕಟ್ಟು ಹಾಕುವುದು ಇವುಗಳ ಬಗ್ಗೆ ಸ್ಪಷ್ಟವಾಗಿ ಹೇಳಬೇಕಾಗಿದೆ. ಮುರಿದ ಕೈಗೆ ಕಟ್ಟು ಹಾಕಿಸಿಕೊಂಡು ಗುಣವಾದವರ ಅನುಭವವನ್ನು ಬೆನ್ನಿಗೆ ಅನ್ವಯಿಸಲಾಗದು. ಕ್ಷಯದಿಂದ ಸವೆದ ಮೂಳೆಯನ್ನು ಒತ್ತಿದರೆ ಅದು ಕುಸಿದು ಬೆನ್ನುಹುರಿಗೆ ಚುಚ್ಚಬಹುದು. ಮಸಾಜಿನಿಂದ, ಮಾಲೀಸಿನ ಎಣ್ಣೆಯಿಂದ ಡೊಂಕು ನೇರವಾಗುವುದಿಲ್ಲ.

ವೈದ್ಯರು ನಡೆಸುವ ಪರೀಕ್ಷೆಗಳು

ಮೊದಲ ಪರೀಕ್ಷೆ ಕೈಯಿಂದ, ಸುತ್ತಿಗೆಯಿಂದ, ಕಣ್ಣಿನಿಂದ ಆಗುವುದು. ಮೊಣಕಾಲು, ಹಿಮ್ಮಡಿಗಳ ಪ್ರತಿಕ್ರಿಯೆಯನ್ನೂ, ಅಂಗಾಲನ್ನು ಗೀರಿದಾಗ ಹೆಬ್ಬೆರಳು ಯಾವ ಕಡೆ ಸರಿಯುವುದೆಂಬುದನ್ನೂ ನೋಡಲಾಗುತ್ತದೆ. ಹೊಟ್ಟೆಯ ಚರ್ಮವನ್ನು ನಾಲ್ಕೂ ಭಾಗಗಳಲ್ಲಿ ಲಘುವಾಗಿ ಗೀರಿದಾಗ ಹೊಕ್ಕುಳು ಆ ಕಡೆ ಎಳೆದುಕೊಳ್ಳಬೇಕು; ಒಂದು ಪಾರ್ಶ್ವದಲ್ಲಿ ಮಾತ್ರ ಎಳೆದುಕೊಳ್ಳದಿದ್ದರೆ ಬೆನ್ನುಹುರಿಯೊಳಗೆ ನೀರು ತುಂಬಿರುವ ಶಂಕೆ ಬಲವಾಗುತ್ತದೆ. ಇದಕ್ಕಾಗಿ ಮಗುವಿನ ಅಂಗಿ ತೆಗೆಸಬೇಕಾಗುತ್ತದೆ. ಹೆಣ್ಣುಮಕ್ಕಳೊಡನೆ ತಾಯಿ ಅಥವಾ ಮನೆಯ ಹೆಂಗಸರೊಬ್ಬರು ಇರುವುದು ಸೂಕ್ತ. ಬಟ್ಟೆಯ ಮೇಲಿನಿಂದ ಬೆನ್ನು ನೋಡಿ ಮುಗಿಸಿದ ತಪಾಸಣೆ ಅಪೂರ್ಣವೆಂದು ಪೋಷಕರು ವಿನಯದಿಂದ ತಿಳಿಸಲು ಹಿಂಜರಿಯಬೇಕಾಗಿಲ್ಲ.

ಆನಂತರ ನಿಂತ ಭಂಗಿಯಲ್ಲಿ ಇಡೀ ಬೆನ್ನುಮೂಳೆಯ ಕ್ಷ-ಕಿರಣ ಚಿತ್ರ. ಮಲಗಿಸಿ ತೆಗೆದ, ಸೊಂಟದ ಭಾಗದ್ದು ಮಾತ್ರವಾದ ಚಿತ್ರದಿಂದ ಡೊಂಕನ್ನು ಅಳೆಯಲಾಗದು. ಅಪಾಯಸೂಚನೆ ಇದ್ದಲ್ಲಿ ಮಿದುಳಿನ ಬುಡದಿಂದ ಬಾಲದ ಮೂಳೆಯವರೆಗೆ ಎಂ.ಆರ್.ಐ. ಬೇಕಾಗುವುದು. ಇದರಲ್ಲಿ ವಿಕಿರಣವಿಲ್ಲ, ನೋವಿಲ್ಲ. ಆದರೆ ಮಗು ಅಲುಗಾಡದೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮಲಗಿರಬೇಕು. ಚಿಕ್ಕ ಮಕ್ಕಳಿಗೆ ನಿದ್ರೆ ಬರಿಸುವ ಔಷಧಿ ಕೊಡುವುದರಿಂದ ಹೇಳಿದಷ್ಟು ಹೊತ್ತು ಹಾಲು, ಆಹಾರ ಕೊಡಬಾರದು. ಬಲಕ್ಕೆ ಬಾಗಿದ, ನೋವಿಲ್ಲದ, ನರಗಳ ಪರೀಕ್ಷೆ ಸರಿಯಾಗಿರುವ ಹದಿಹರೆಯದ ಹುಡುಗಿಗೆ ಮೊದಲ ಭೇಟಿಯಲ್ಲಿಯೇ ಎಂ.ಆರ್.ಐ. ಬರೆಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಸಾಲ ಮಾಡಿ ಮಾಡಿಸಿಕೊಳ್ಳುವ ಮೊದಲು ಸರ್ಕಾರಿ ವೈದ್ಯರನ್ನು ಕೇಳಿ ನಿರ್ಧರಿಸುವುದು ಒಳ್ಳೆಯದು.

ಎಂ.ಆರ್.ಐ.ಯಲ್ಲಿ ದೋಷ ಕಂಡರೆ ಚಿಕಿತ್ಸೆಯ ಕ್ರಮವೇ ಬದಲಾಗುತ್ತದೆ. ಎಳೆದುಕೊಂಡ ಬೆನ್ನುಹುರಿಯನ್ನು ಬಿಡಿಸುವುದು, ಕಿಯಾರಿಯಲ್ಲಿ ಜಾಗ ಮಾಡಿಕೊಡುವುದು, ಗಡ್ಡೆ ತೆಗೆಯುವುದು ಮೊದಲು. ಬೆನ್ನು ನೇರ ಮಾಡುವುದು ಆಮೇಲೆ. ಒಳಗಿನ ದೋಷ ತಿಳಿಯದೆ ಡೊಂಕನ್ನು ಎಳೆದು ನೇರ ಮಾಡಿದರೆ ನಡೆಯುತ್ತಿದ್ದ ಮಗು ನಡೆಯಲಾರದಂತಾಗುವ ಅಪಾಯವಿದೆ. ಕಿಯಾರಿಗೆ ಚಿಕ್ಕ ವಯಸ್ಸಿನಲ್ಲಿ, ಡೊಂಕು ಕಡಿಮೆಯಿರುವಾಗ ಚಿಕಿತ್ಸೆಯಾದರೆ ಹಲವು ಮಕ್ಕಳಲ್ಲಿ ಡೊಂಕು ಅಲ್ಲಿಗೇ ನಿಲ್ಲುತ್ತದೆ, ಕೆಲವರಲ್ಲಿ ಇಳಿಯುತ್ತದೆ.

ಎಲ್ಲಿಗೆ ಹೋಗಬೇಕು

ಹರಿಹರ ಪಟ್ಟಣ ಹಾಗೂ ತಾಲ್ಲೂಕಿನವರು ಮೊದಲು ಹರಿಹರದ ಸರ್ಕಾರಿ ಸಾರ್ವಜನಿಕ ಆಸ್ಪತ್ರೆಯಲ್ಲಿ ಮಗುವನ್ನು ತೋರಿಸಬಹುದು. ಅಲ್ಲಿಂದ ಸುಮಾರು 14 ಕಿಲೋಮೀಟರ್ ದೂರದ ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ನಗರದಲ್ಲಿ ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯಕ್ಕೆ ಸೇರಿದ ಬಾಪೂಜಿ ಆಸ್ಪತ್ರೆ, ಬಾಪೂಜಿ ಮಕ್ಕಳ ಆಸ್ಪತ್ರೆ ಹಾಗೂ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಎಂಬ ಬೋಧನಾ ಆಸ್ಪತ್ರೆಗಳೂ ಇವೆ. ಮಕ್ಕಳ ತಜ್ಞರು ಮತ್ತು ಮೂಳೆ ತಜ್ಞರು ಇಬ್ಬರಿಗೂ ತೋರಿಸುವುದು ಅವಶ್ಯ. ಮೂಳೆ ವಿಭಾಗದಲ್ಲಿ ಡೊಂಕು ನೋಡಲಾಗುತ್ತದೆ, ಮಕ್ಕಳ ವಿಭಾಗದಲ್ಲಿ ನಡಿಗೆ ಮತ್ತು ಬೆಳವಣಿಗೆ ನೋಡಲಾಗುತ್ತದೆ. ಎರಡರ ನಡುವೆ ಮಗು ಕೈತಪ್ಪಿಹೋಗದಂತೆ ಒಂದೇ ಕಡತದಲ್ಲಿ ಎರಡೂ ಚೀಟಿಗಳನ್ನು ಇಟ್ಟುಕೊಳ್ಳಬೇಕು.

ನರ ಶಸ್ತ್ರಚಿಕಿತ್ಸೆ ಅಥವಾ ಬೆನ್ನುಮೂಳೆಯ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದಲ್ಲಿ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗೆ ಅಥವಾ ಬೆಂಗಳೂರಿಗೆ ಕಳುಹಿಸಲಾಗುವುದು. ಬೆಂಗಳೂರಿನಲ್ಲಿ 1974ರಲ್ಲಿ ಸ್ಥಾಪಿತವಾದ ನಿಮ್ಹಾನ್ಸ್ ಸಂಸ್ಥೆ, ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಹಾಗೂ ಸಂಜಯಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಮೂರೂ ಸಮೀಪದಲ್ಲಿಯೇ ಇವೆ. ಸುಮಾರು 260 ಕಿಲೋಮೀಟರ್ ಪ್ರಯಾಣ ಮಾಡಿ ಹೋಗುವವರು ಯಾವ ಸಂಸ್ಥೆಯ ಯಾವ ವಿಭಾಗಕ್ಕೆ, ಯಾವ ದಿನ ಎಂಬುದನ್ನು ಶಿಫಾರಸು ಮಾಡಿದ ವೈದ್ಯರಿಂದ ಬರೆಸಿಕೊಂಡೇ ಹೊರಡತಕ್ಕದ್ದು.

ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ವರ್ಷಕ್ಕೆ ಒಂದು ಬಾರಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಭೇಟಿ ನೀಡುತ್ತದೆ. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ. ತಂಡ ಬರುವ ದಿನ ಮಗುವನ್ನು ತಪ್ಪದೆ ಶಾಲೆಗೆ ಕಳುಹಿಸಿ, ಮನೆಯಲ್ಲಿ ಗಮನಿಸಿದ್ದನ್ನು ಒಂದು ಚೀಟಿಯಲ್ಲಿ ಬರೆದು ಕೊಡಬಹುದು. ಖಾಸಗಿ ಶಾಲೆಯ ಮಕ್ಕಳು ಈ ತಪಾಸಣೆಯಿಂದ ಹೊರಗುಳಿಯುವುದರಿಂದ ನಗರದ ಪೋಷಕರು ತಾವೇ ಎಚ್ಚರ ವಹಿಸಬೇಕಾಗುತ್ತದೆ.

ಚಿಕಿತ್ಸಾ ನೆರವು ಮತ್ತು ಗುರುತಿನ ಚೀಟಿಗೆ ಅರ್ಜಿ

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಆದ್ಯತಾ ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಭರಿಸಲಾಗುವುದು. ಇತರ ಕುಟುಂಬಗಳಿಗೆ ನಿಗದಿತ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ ನೀಡಲಾಗುತ್ತದೆ. ತುರ್ತು ಸಂದರ್ಭದ ಹೊರತು, ಖಾಸಗಿ ನೋಂದಾಯಿತ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮುಂಚಿತವಾಗಿ ಬೇಕು. ಶಸ್ತ್ರಚಿಕಿತ್ಸೆ ಮುಗಿಸಿ ಹಣ ಪಾವತಿಸಿ ನಂತರ ಪತ್ರಕ್ಕಾಗಿ ಬರುವವರಿಗೆ ನೆರವು ದೊರೆಯುವುದು ಕಷ್ಟ. ಪಡಿತರ ಚೀಟಿಯಲ್ಲಿ ಮಗುವಿನ ಹೆಸರು ಸೇರಿದೆಯೇ, ಆಧಾರ್‌ನಲ್ಲಿರುವ ಹೆಸರಿನೊಡನೆ ಹೊಂದಿಕೆಯಾಗುತ್ತದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳತಕ್ಕದ್ದು. ಚಿಕ್ಕ ಮಕ್ಕಳ ಹೆಸರು ಸೇರಿಸದೆ ಬಿಟ್ಟಿರುವುದು ಆಗಾಗ್ಗೆ ತೊಡಕಾಗುತ್ತದೆ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016 ಇದು 21 ಬಗೆಯ ವೈಕಲ್ಯಗಳನ್ನು ಗುರುತಿಸಿದ್ದು, ಚಲನವೈಕಲ್ಯ ಹಾಗೂ ಸ್ನಾಯುಕ್ಷಯ ಅವುಗಳಲ್ಲಿ ಸೇರಿವೆ. ಡೊಂಕಿದ್ದ ಮಾತ್ರಕ್ಕೆ ಪ್ರಮಾಣಪತ್ರ ದೊರೆಯುವುದಿಲ್ಲ. ಅದರಿಂದ ಉಂಟಾದ ಶಾಶ್ವತ ನ್ಯೂನತೆಯನ್ನು ವೈದ್ಯಕೀಯ ಪ್ರಾಧಿಕಾರ ಅಳೆದು ಶೇಕಡಾವಾರು ನಿರ್ಧರಿಸುತ್ತದೆ. ಬಹುತೇಕ ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40 ಇರಬೇಕು. ಮೂತ್ರದ ಹಿಡಿತ ಇಲ್ಲದಿರುವುದು, ಕೈಗಳ ಬಲಹೀನತೆ ಮುಂತಾದವುಗಳ ದಾಖಲೆಗಳನ್ನೂ ಹಾಜರುಪಡಿಸಬೇಕು. ಕೇವಲ ಬೆನ್ನಿನ ಕ್ಷ-ಕಿರಣ ಚಿತ್ರ ತಂದರೆ ಮಗುವಿನ ನಿಜವಾದ ಸ್ಥಿತಿ ಲೆಕ್ಕಕ್ಕೆ ಬರುವುದಿಲ್ಲ. 2021ರ ಜೂನ್ 1 ರಿಂದ ಪ್ರಮಾಣಪತ್ರಗಳನ್ನು ಸ್ವಾವಲಂಬನ್ ಜಾಲತಾಣದ ಮೂಲಕವೇ ನೀಡಲಾಗುತ್ತಿದೆ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ, ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ, ನಗರದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರ ಸಹಾಯ ಪಡೆಯಬಹುದು. ಚಿಕಿತ್ಸೆ ಇನ್ನೂ ನಡೆಯುತ್ತಿರುವ, ಸುಧಾರಿಸುವ ಸಂಭವವಿರುವ ಮಗುವಿಗೆ ತಾತ್ಕಾಲಿಕ ಪ್ರಮಾಣಪತ್ರ ನೀಡಲಾಗುವುದು. ಅವಧಿ ಮುಗಿಯುವ ಮೊದಲು ಮರುಪರೀಕ್ಷೆಗೆ ಹಾಜರಾಗಬೇಕು. ವ್ಯಾಯಾಮ ಚಿಕಿತ್ಸೆ, ಕಾಲುಪಟ್ಟಿ, ಗಾಲಿಕುರ್ಚಿ ಮುಂತಾದವುಗಳ ಬಗ್ಗೆ ದಾವಣಗೆರೆಯಲ್ಲಿರುವ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಬಹುದು.

ಮುಂದಿನ ಮಗುವಿನ ಕುರಿತು

ಬೆನ್ನುಹುರಿಯ ಹುಟ್ಟುದೋಷವಿರುವ ಮಗುವಿನ ತಾಯಿ ಮತ್ತೊಮ್ಮೆ ಗರ್ಭಿಣಿಯಾಗುವ ಮೊದಲೇ ವೈದ್ಯರನ್ನು ಕಾಣಬೇಕು. ಬೆನ್ನುಹುರಿಯ ಕೊಳವೆ ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿಯೇ, ಅಂದರೆ ಅನೇಕರಿಗೆ ಗರ್ಭ ನಿಂತಿರುವುದು ತಿಳಿಯುವ ಮೊದಲೇ, ಮುಚ್ಚಿಕೊಳ್ಳುತ್ತದೆ. 1991ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಲ್ಲಿ, ಹಿಂದೆ ಇಂತಹ ಮಗುವಿದ್ದ ತಾಯಂದಿರು ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಸೇವಿಸಿದಾಗ ದೋಷ ಮರುಕಳಿಸುವುದು ಶೇಕಡಾ 72ರಷ್ಟು ತಗ್ಗಿತು. ಇತರ ಸ್ತ್ರೀಯರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ತಪಾಸಣೆಗೆ ಬರುವಾಗ ತರಬೇಕಾದವು

ಮಗುವಿನ ಆಧಾರ್, ಕುಟುಂಬದ ಪಡಿತರ ಚೀಟಿ, ತಾಯಿ ಕಾರ್ಡ್ ಇದ್ದರೆ ಅದು, ಹಿಂದಿನ ಎಲ್ಲ ಕ್ಷ-ಕಿರಣ ಹಾಗೂ ಎಂ.ಆರ್.ಐ. ಚಿತ್ರಗಳು. ವರದಿಯ ಹಾಳೆ ಮಾತ್ರ ತಂದರೆ ಸಾಲದು, ಚಿತ್ರಗಳೇ ಬೇಕು, ಸಿ.ಡಿ. ಕೊಟ್ಟಿದ್ದರೆ ಅದನ್ನೂ ತರಬೇಕು. ಮಗು ಮೊದಲು ನಡೆದ ವಯಸ್ಸು, ಮೂತ್ರದ ಹಿಡಿತ ಬಂದ ವಯಸ್ಸು, ಡೊಂಕನ್ನು ಮೊದಲು ಗಮನಿಸಿದ ತಿಂಗಳು ಇವುಗಳನ್ನು ಬರೆದುಕೊಂಡು ಬರುವುದು. ಸಾಧ್ಯವಾದರೆ ಮಗು ನಡೆಯುವುದನ್ನು, ಮೆಟ್ಟಿಲು ಹತ್ತುವುದನ್ನು ಮನೆಯಲ್ಲಿಯೇ ಮೊಬೈಲಿನಲ್ಲಿ ಚಿತ್ರೀಕರಿಸಿ ತರಬಹುದು. ಅಪರಿಚಿತರ ಮುಂದೆ ಮಕ್ಕಳು ಹುಷಾರಾಗಿ ನಡೆಯುತ್ತಾರೆ. ವರ್ಷದ ಹಿಂದಿನ ಹುಟ್ಟುಹಬ್ಬದ ಅಥವಾ ಶಾಲಾ ಕಾರ್ಯಕ್ರಮದ ಚಿತ್ರೀಕರಣವಿದ್ದರೆ ಅಂದಿನ ನಡಿಗೆಯನ್ನೂ ಇಂದಿನದನ್ನೂ ವೈದ್ಯರು ಹೋಲಿಸಿ ನೋಡುವರು.